ಹೆರಿಗೆಯಾದ ಮೇಲೆ ತುಪ್ಪ, ಎಣ್ಣೆ ಬಿಟ್ಟರೆ ಶುಗರ್ ಮತ್ತೆ ಬರಲ್ವಾ?

ಬಸುರಿದ್ದಾಗ ಶುಗರ್ ಇತ್ತು, ಹೆರಿಗೆಯಾಗಿ ಎರಡು ತಿಂಗಳು, ಈಗ ಜಿಡ್ಡು ಪೂರ್ತಿ ಬಿಡಲಾ ಅಂತ ಕೇಳಿದ್ದೀರಿ. ಬೇಡ. ನಾನು ಅದನ್ನೇ ಮಾಡಿ ಕೆಟ್ಟೆ.

ನಾನಿರುವುದು ದಾವಣಗೆರೆ, ತವರು ಚಳ್ಳಕೆರೆ. ಎಣ್ಣೆ ಮಿಲ್ಲುಗಳ ಊರಲ್ಲಿ ಬೆಳೆದವಳು ಎಣ್ಣೆಗೇ ಹೆದರಿಕೊಂಡೆ. ಬಾಣಂತನದಲ್ಲಿ ಅವ್ವ ತುಪ್ಪ ಬಡಿಸಲು ಬಂದರೆ ಕೈ ಅಡ್ಡ ಇಡುತ್ತಿದ್ದೆ. ಹಸಿವು ಬಿಡಬೇಕಲ್ಲ? ಹಾಲುಣಿಸುವಾಗ ಹಸಿವು ಇನ್ನೂ ಜಾಸ್ತಿ. ತಟ್ಟೆಗೆ ಮತ್ತೊಂದು ಸೌಟು ಅನ್ನ ಬೀಳುತ್ತಿತ್ತು. ಸಂಜೆಗೆ ಒಗ್ಗರಣೆ ಮಂಡಕ್ಕಿ. ಹಗುರ ಇರುತ್ತೆ, ಏನೂ ಆಗಲ್ಲ ಅಂತ ದೊಡ್ಡ ತಟ್ಟೆ ತುಂಬಾ ತಿನ್ನುತ್ತಿದ್ದೆ. ಅದರಲ್ಲಿನ ಶೇಂಗಾ ಕಾಳನ್ನು ಒಂದೊಂದೇ ಆರಿಸಿ ಅಂಚಿಗೆ ಸರಿಸುತ್ತಿದ್ದೆ, ಎಣ್ಣೆ ಇರುವುದು ಅದರಲ್ಲೇ ಅಂತ! ಮಂಡಕ್ಕಿ ಅಂದರೆ ಅರಳಿಸಿದ ಅಕ್ಕಿ ತಾನೇ? ಬೇಗ ಜೀರ್ಣವಾಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಜೊತೆಗೆ ಒಂದು ಹಿಡಿ ಶೇಂಗಾ ಇದ್ದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಸಕ್ಕರೆಯೂ ನಿಧಾನವಾಗಿ ಏರುತ್ತದೆ. ನಾನು ಅದನ್ನೇ ಎತ್ತಿಟ್ಟು ಬರೀ ಮಂಡಕ್ಕಿ ತಿಂದೆ. ಪರೀಕ್ಷೆ ಮಾಡಿಸಿದರೆ ಗ್ಲೂಕೋಸ್ ಕುಡಿದು ಎರಡು ಗಂಟೆಯಾದ ಮೇಲಿನ ಶುಗರ್ 140 ದಾಟಿತ್ತು. ಪ್ರಿ-ಡಯಾಬಿಟಿಸ್, ಅಂದರೆ ಶುಗರ್ ಕಾಯಿಲೆಯ ಹಿಂದಿನ ಹಂತ ಅಂದರು ಡಾಕ್ಟರು.

ಅದಕ್ಕೇ ಹೇಳೋದು, ಜಿಡ್ಡು ಬೇಕಾ ಬೇಡವಾ ಅನ್ನುವ ಲೆಕ್ಕವೇ ತಪ್ಪು. ಯಾವ ಜಿಡ್ಡು, ಎಷ್ಟು ಅಂತ ನೋಡಿ. ಅಗಸೆ, ಗುರೆಳ್ಳು, ಶೇಂಗಾ ಚಟ್ನಿಪುಡಿ ನಮ್ಮ ಕಡೆ ಮನೆಮನೆಯಲ್ಲೂ ಇರುತ್ತೆ, ರೊಟ್ಟಿ ಜೊತೆ ದಿನಾ ಇರಲಿ. ಬೆಣ್ಣೆ, ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಗಟ್ಟಿಯಾಗುವಂಥದ್ದು. ಅದು ಜಾಸ್ತಿಯಾದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ತುಪ್ಪ ಒಂದು ಚಮಚ ಸಾಕು, ಬೆಣ್ಣೆ ದೋಸೆ ಯಾವಾಗಲೋ ಒಮ್ಮೆ. ವನಸ್ಪತಿ (ಡಾಲ್ಡಾ) ಮನೆಗೇ ತರಬೇಡಿ. ಅಂಟಿನುಂಡೆಯಲ್ಲಿ ಮೊದಲು ಕಡಿಮೆ ಮಾಡಬೇಕಾದ್ದು ಬೆಲ್ಲ. ಒಳ್ಳೆಯ ಎಣ್ಣೆಗೂ ಅಳತೆ ಇರಲಿ, ಗ್ರಾಂಗೆ 9 ಕ್ಯಾಲರಿ. ತೂಕ ಏರಿದರೆ ಶುಗರ್ ಬರುವ ಸಾಧ್ಯತೆಯೂ ಏರುತ್ತೆ.

ಇದೆಲ್ಲಕ್ಕಿಂತ ಮೊದಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಮಾಡಿಸಿ. ಹೆರಿಗೆಯಾದ 4ರಿಂದ 12 ವಾರದೊಳಗೆ ಆಗಬೇಕು, ನಿಮಗಿನ್ನೂ ಸಮಯ ಇದೆ. ನಾರ್ಮಲ್ ಬಂತು ಅಂತ ಸುಮ್ನಾಗಬೇಡಿ, 1ರಿಂದ 3 ವರ್ಷಕ್ಕೊಮ್ಮೆ ಮಾಡಿಸುತ್ತಲೇ ಇರಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಿ. ಎರಡು ಗಂಟೆ ಅಲ್ಲೇ ಕೂರಬೇಕಾಗುತ್ತೆ, ಮಗು ಎತ್ತಿಕೊಳ್ಳಲು ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗಿ.