ರಾಜಕೀಯದಲ್ಲಿ ಎಡ ಅಂದ್ರೆ ಬಡವರ ಪರ, ಬಲ ಅಂದ್ರೆ ಧರ್ಮದ ಪರ, ಇಷ್ಟೇನಾ?

ಅಷ್ಟೇ ಅಲ್ಲ. 1789ರ ಫ್ರಾನ್ಸ್‌ನಿಂದ ಶುರು ಮಾಡೋಣ. ಹೊಸ ರಾಷ್ಟ್ರೀಯ ಸಭೆ ವರ್ಸೈಯಲ್ಲಿ ಸೇರಿತ್ತು. ಸಭೆ ಮಾಡಿದ ಕಾನೂನನ್ನು ತಡೆಯೋ ಅಧಿಕಾರ ರಾಜನಿಗೆ ಇರಬೇಕಾ ಅಂತ ದೊಡ್ಡ ಜಗಳ. ಇರಲಿ ಅಂದವರು ಅಧ್ಯಕ್ಷರ ಬಲಕ್ಕೆ ಕೂತರು, ಬೇಡ ಅಂದವರು ಎಡಕ್ಕೆ. ಹಳೇ ವ್ಯವಸ್ಥೆ ಉಳಿಸೋರು ಬಲ, ಬದಲಿಸೋರು ಎಡ ಅನ್ನೋದು ಹೀಗೆ ಬಂತು. (ನಮ್ಮ ಲೋಕಸಭೆಗೆ ಇದನ್ನ ಹಚ್ಚಬೇಡಿ. ಅಲ್ಲಿ ಆಳುವ ಪಕ್ಷ ಯಾವುದೇ ಆಗಲಿ, ಸ್ಪೀಕರ್ ಬಲಕ್ಕೇ ಕೂರೋದು.)

ಬಡವರ ಮಾತು ಸೇರಿದ್ದು ಆಮೇಲೆ, ಕಾರ್ಖಾನೆಗಳು ಬಂದ ಕಾಲದಲ್ಲಿ. ಭೂಮಿ, ದುಡ್ಡು ಹಂಚಿಕೆಯಾಗಲಿ, ಸರ್ಕಾರ ಕೈ ಹಾಕಲಿ ಅನ್ನೋದು ಎಡ. ಸರ್ಕಾರ ದೂರ ಇರಲಿ, ವ್ಯಾಪಾರ ತನ್ನಷ್ಟಕ್ಕೆ ನಡೀಲಿ ಅನ್ನೋದು ಬಲ.

ಬಲ ಅಂದ್ರೆ ಧರ್ಮ ಅನ್ನೋದು ಅರ್ಧ ಮಾತ್ರ ಸರಿ. 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷ ನೋಡಿ. ಉದ್ಯಮ ನಡೆಸೋಕೆ ಸರ್ಕಾರದ ಅನುಮತಿ ಕೇಳೋ ಲೈಸೆನ್ಸ್-ಪರ್ಮಿಟ್ ರಾಜ್ಯ ಬೇಡ, ರೈತರ ಹೊಲಗಳನ್ನ ಒಟ್ಟುಗೂಡಿಸೋ ಸಹಕಾರಿ ಬೇಸಾಯ ಬೇಡ ಅಂತ ನೆಹರೂ ಸರ್ಕಾರದ ಜೊತೆ ಗುದ್ದಾಡಿತು. ಬಲಪಂಥ ಹೌದು, ಆದ್ರೆ ಅದರ ತಕರಾರು ಜಾಸ್ತಿ ಆರ್ಥಿಕತೆಯದ್ದೇ. ಈಗಿನ ಬಿಜೆಪಿಯ ಹಿಂದಿನ ರೂಪವಾದ ಜನಸಂಘದ್ದು ಬೇರೆ ದಾರಿ, ಅಲ್ಲಿ ಸಂಸ್ಕೃತಿ, ರಾಷ್ಟ್ರೀಯತೆ ಮುಂದೆ.

ಎಡಕ್ಕೂ ಅಷ್ಟೇ. 1974ರಲ್ಲಿ ದೇವರಾಜ ಅರಸು ಸರ್ಕಾರ ಗೇಣಿ ಪದ್ಧತಿ ತೆಗೆದು, ಉಳುವವನಿಗೇ ಹೊಲ ಕೊಡೋ ಕಾನೂನು ತಂತು. ಕೆಲಸ ಎಡದ್ದು, ಮಾಡಿದ್ದು ಕಾಂಗ್ರೆಸ್. ಹಾಗಾಗಿ ಪಕ್ಷದ ಬಾವುಟ ನೋಡೋ ಬದಲು, ಒಂದೊಂದು ವಿಷಯದಲ್ಲಿ ಅವರು ಏನು ಮಾಡ್ತಾರೆ ನೋಡಿ.