ಫೋನಲ್ಲೇ ಪುಸ್ತಕ ಓದಬಹುದಲ್ವಾ, ಮತ್ತೆ ಜನ ಪುಸ್ತಕ ಓದೋಕಂತ್ಲೇ ಮಾಡಿರೋ ಇ-ರೀಡರ್ ಅನ್ನೋ ಸಾಧನ ಯಾಕೆ ತಗೋತಾರೆ?

"ಸಾವಿರಾರು ಪುಸ್ತಕ ಒಂದೇ ಕಡೆ ಇಟ್ಕೋಬಹುದು" ಅಂತ ಸುಮಾರು ಜನ ಉತ್ತರ ಕೊಡ್ತಾರೆ, ಆದ್ರೆ ಅದು ಮಾರೋರು ಹೇಳೋ ಕಾರಣ, ಫೋನಲ್ಲೂ ಸಾವಿರ ಪುಸ್ತಕ ಹಿಡಿಯುತ್ತೆ. ನಾನು ಬಹಳ ವರ್ಷದಿಂದ ಇದ್ರಲ್ಲೇ ಓದ್ತಿದೀನಿ, ಸುತ್ತಮುತ್ತ ತಗೊಂಡವ್ರನ್ನೂ ನೋಡಿದೀನಿ. ಕಣ್ಣು, ಕೈ, ಮನೇಲಿರೋ ಜಾಗ, ಈ ಮೂರ್ರಲ್ಲಿ ಯಾವ್ದೋ ಒಂದು ಕೈಕೊಟ್ಟಾಗ್ಲೇ ಜನ ಇದಕ್ಕೆ ಬರೋದು ಜಾಸ್ತಿ.

ಕಣ್ಣಿನ ವಿಷ್ಯ ಮೊದ್ಲು. ಫೋನಿನ ಪರದೆ ತಾನೇ ಬೆಳಕು ಬಿಡುತ್ತೆ, ಇ-ರೀಡರ್‌ಗಳಲ್ಲಿರೋ ಇ-ಇಂಕ್ ಪರದೆ ಹಂಗಲ್ಲ, ಅದ್ರೊಳಗೆ ಕೂದಲಿನ ದಪ್ಪದಷ್ಟಿರೋ ಚಿಕ್ಕ ಕ್ಯಾಪ್ಸೂಲ್‌ಗಳಿರ್ತವೆ, ಒಂದೊಂದ್ರಲ್ಲೂ ಕಪ್ಪು ಬಿಳಿ ಕಣಗಳು, ಕರೆಂಟ್ ಕೊಟ್ಟಾಗ ಒಂದು ಬಣ್ಣದ್ದು ಮೇಲೆ ಬಂದು ಅಲ್ಲೇ ನಿಲ್ಲುತ್ತೆ, ಆಮೇಲೆ ಕರೆಂಟ್ ತೆಗೆದ್ರೂ ಅಕ್ಷರ ಹೋಗಲ್ಲ. ಪುಟ ತಿರುಗಿಸುವಾಗ ಮಾತ್ರ ಪರದೆಗೆ ಕರೆಂಟ್ ಬೇಕು, ಅದಕ್ಕೇ ಒಂದ್ಸಲ ಚಾರ್ಜ್ ಹಾಕಿದ್ರೆ ವಾರಗಟ್ಲೆ ಬರೋದು. ಬಿಸಿಲಲ್ಲಿ ಕೂತ್ರೆ ಫೋನ್ ಕಾಣೋದೇ ಇಲ್ಲ, ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಕತ್ತಲಲ್ಲಿ ಓದೋಕೆ ಅಂಚಲ್ಲಿ ಸಣ್ಣ ಎಲ್‌ಇಡಿ ಇರುತ್ತೆ, ಅದ್ರ ಬೆಳಕು ಪರದೆ ಮೇಲೆ ಹರಡುತ್ತೆ ಅಷ್ಟೇ, ಹಿಂದಿನಿಂದ ಕಣ್ಣಿಗೆ ಹೊಡಿಯಲ್ಲ.

ಆದ್ರೆ ನನ್ನ ಕೇಳಿದ್ರೆ ಎಲ್ಲಕ್ಕಿಂತ ದೊಡ್ಡ ಕಾರಣ ಅಕ್ಷರದ ಸೈಜು. ನಲವತ್ತು ದಾಟಿದ್ಮೇಲೆ ಹತ್ತಿರದ್ದು ಮಸುಕಾಗೋದು ಎಲ್ರಿಗೂ ಇದ್ದಿದ್ದೇ, ದೊಡ್ಡ ಅಕ್ಷರದಲ್ಲಿ ಅಚ್ಚಾಗೋ ಪುಸ್ತಕ ಬೆರಳೆಣಿಕೆಯಷ್ಟು, ಇದ್ರಲ್ಲಿ ಪಿಡಿಎಫ್ ಒಂದು ಬಿಟ್ರೆ ಯಾವ ಪುಸ್ತಕ ಬೇಕಾದ್ರೂ ದೊಡ್ಡಕ್ಷರದ್ದಾಗುತ್ತೆ. ನಮ್ಮತ್ತೆ ಓದೋದೇ ಬಿಟ್ಬಿಟ್ಟಿದ್ರು, ಈಗ ಊಟಕ್ಕೆ ಕರೆದ್ರೂ "ಈ ಅಧ್ಯಾಯ ಮುಗೀಲಿ ತಡಿ" ಅಂತಾರೆ. ಕೈ ವಿಷ್ಯನೂ ಹಂಗೇ, ದಪ್ಪ ಕಾದಂಬರಿನ ಮಲ್ಕೊಂಡು ಒಂದೇ ಕೈಲಿ ಹಿಡಿಯೋಕಾಗಲ್ಲ, ಆರಿಂಚಿನ ರೀಡರ್ ಇನ್ನೂರು ಗ್ರಾಂ ಆಸುಪಾಸು. ಜಾಗದ ಬಗ್ಗೆ ಹೇಳೋದೇ ಬೇಡ, ಬಾಡಿಗೆ ಮನೆ ಬದಲಾಯಿಸಿ ಪುಸ್ತಕದ ಡಬ್ಬ ಹೊತ್ತವ್ರಿಗೆ ಗೊತ್ತಿರುತ್ತೆ.

ಹಂಗಂತ ಪರದೆ ಒಂದೇ ಸಾಕಾಗಿಲ್ಲ ನೋಡಿ. ಸೋನಿಯವ್ರು 2004ರಲ್ಲೇ ಜಪಾನಲ್ಲಿ ಲಿಬ್ರಿಯೆ ಅಂತ ಇ-ಇಂಕ್ ರೀಡರ್ ತಂದಿದ್ರು, ಪುಸ್ತಕ ಕಂಪ್ಯೂಟರ್ ಮೂಲಕ ಹಾಕ್ಕೋಬೇಕು, ಅದೂ 60 ದಿನಕ್ಕೆ ಮಾಯ, ಓಡ್ಲಿಲ್ಲ. 2007ರ ನವೆಂಬರಲ್ಲಿ ಅಮೆಜಾನ್ ಕಿಂಡಲ್ ಬಂತು, ಇದೂ ಆರಿಂಚಿನ ಇ-ಇಂಕ್ ಪರದೆಯೇ, ಆದ್ರೆ ಕಂಪ್ಯೂಟರ್ ಬೇಡ, ಬೇಕಾದ ಪುಸ್ತಕ ನೇರ ಅದಕ್ಕೇ ಇಳಿಯುತ್ತೆ, ಐದೂವರೆ ಗಂಟೇಲಿ ಸ್ಟಾಕ್ ಖಾಲಿ. ಅಂದ್ರೆ ಓದೋರಿಗೆ ಬೇಕಾಗಿದ್ದು ರಾತ್ರಿ ಹನ್ನೊಂದಕ್ಕೆ ಮೊದಲ ಭಾಗ ಮುಗಿದ್ರೆ ಹನ್ನೊಂದೂ ಐದಕ್ಕೆ ಎರಡನೇ ಭಾಗ ಶುರು ಮಾಡೋ ಸೌಕರ್ಯ.

ಇನ್ನು ಫೋನ್ ಬೇಡ ಅನ್ನೋಕೆ ಇನ್ನೊಂದು ಕಾರಣ, ಇದ್ರಲ್ಲಿ ಬೇರೆ ಏನೂ ಮಾಡೋಕಾಗಲ್ಲ! ವಾಟ್ಸಾಪ್ ಟಿಂಗ್ ಅನ್ನಲ್ಲ, ಬ್ರೌಸರ್ ಇದ್ರೂ ಎಷ್ಟು ನಿಧಾನ ಅಂದ್ರೆ ನಾವೇ ಸುಸ್ತಾಗಿ ಪುಸ್ತಕಕ್ಕೆ ವಾಪಸ್ ಬರ್ತೀವಿ.

ತಕರಾರೂ ಇದೆ. ದುಡ್ಡು ಕೊಟ್ರೂ ಬಹಳಷ್ಟು ಸಲ ಸಿಗೋದು ಓದೋ ಲೈಸೆನ್ಸ್ ಮಾತ್ರ. 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಕೆಲವು ಪುಸ್ತಕಗಳನ್ನ ಜನರ ಕಿಂಡಲ್‌ನಿಂದ ತಾನೇ ಅಳಿಸಿ ಹಾಕಿತ್ತು, ದುಡ್ಡು ವಾಪಸ್ ಕೊಡ್ತು ಅನ್ನಿ, ಆದ್ರೂ ಮನೆಯೊಳಗೆ ಬಂದು ಕಪಾಟಿಂದ ಎತ್ಕೊಂಡು ಹೋದಂಗೇ ತಾನೇ ಅದು.

ನಿಮಗೆ ಬೇಕಾ ಅಂತ ಕೇಳಿದ್ರೆ, ನೀವು ಓದೋದು ಬರೀ ಎ4 ಪಿಡಿಎಫ್ ಆದ್ರೆ ಆರಿಂಚಿನದ್ದು ಬೇಡ, ಝೂಮ್ ಮಾಡಿ ಮಾಡಿ ತಲೆ ಕೆಡುತ್ತೆ. "ಇದು ತಗೊಂಡ್ರೆ ಓದೋ ಅಭ್ಯಾಸ ಬರುತ್ತೆ" ಅಂತಿದ್ರೂ ಸದ್ಯಕ್ಕೆ ಬೇಡ, ಹಂಗೆ ತಗೊಂಡವ್ರದ್ದು ಹೆಚ್ಚಿನವು ಡ್ರಾಯರಲ್ಲೇ ಇರ್ತವೆ. ಈಗಾಗ್ಲೇ ಓದ್ತಾ ಇದ್ದು ಕಣ್ಣೋ ಕೈಯೋ ಅಡ್ಡ ಬರ್ತಿದ್ರೆ ಮಾತ್ರ ತಗೊಳ್ಳಿ.