ಕಾಡಿಗೆ ಹಲಸಿನ ಬೀಜ ಎರಚಬೇಡಿ, ರಸ್ತೆಯ ಆಲ ಉಳಿಸಿಕೊಳ್ಳಿ

ಮುಂಗಾರು ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬೀಜದುಂಡೆಯ, ಅಂದರೆ ಬೀಜವನ್ನು ಮಣ್ಣಿನ ಉಂಡೆಯಲ್ಲಿ ಕಟ್ಟಿ ಕಾಡಿಗೆ ಎರಚುವುದರ ಬಗ್ಗೆ ಪತ್ರಗಳು ಶುರುವಾಗುತ್ತವೆ. ಹಿಂದೆಲ್ಲ ಎರಡು ಮಾತಿನಲ್ಲಿ ಉತ್ತರಿಸಿದ್ದೆ, ಅದು ಯಾರ ಕಿವಿಗೂ ಬಿದ್ದ ಹಾಗಿಲ್ಲ. ಆದ್ದರಿಂದ ಈ ಸಲದ ಹೆಚ್ಚಿನ ಜಾಗ ಅದಕ್ಕೇ ಮೀಸಲು. ಉಳಿದ ಪ್ರಶ್ನೆ ಕೇಳಿದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಕಾಡಿನಲ್ಲಿ ಹಣ್ಣಿನ ಮರಗಳಿಲ್ಲದ್ದಕ್ಕೇ ಆನೆ, ಮಂಗಗಳು ಊರಿಗೆ ನುಗ್ಗುತ್ತಿವೆ. ನಮ್ಮ ಯುವಕ ಸಂಘದಿಂದ ಈ ಮಳೆಗಾಲ ಬಂಡೀಪುರದ ಅಂಚಿನಲ್ಲಿ ಹಲಸು, ನೇರಳೆ, ಮಾವಿನ ಬೀಜದುಂಡೆ ಎರಚಬೇಕೆಂದಿದ್ದೇವೆ. ಯಾವ ಬೀಜ ಎಷ್ಟಿದ್ದರೆ ಒಳ್ಳೆಯದು?

ಒಂದೂ ಬೇಡ.

ಮೊದಲು ಬೀಜದ ವಿಷಯ. ಹಲಸು, ನೇರಳೆ, ಮಾವು ಮೂರೂ ಒಣಗಿದರೆ ಸಾಯುವ ಬೀಜಗಳು. ಹಣ್ಣಿನಿಂದ ಬೇರೆಯಾದ ಮೇಲೆ ಹಸಿ ಆರುವುದರೊಳಗೆ ಮಣ್ಣು ಸೇರಬೇಕು. ಹುಣಸೆ, ಬಾಗೆ ಬೀಜಗಳ ಹಾಗೆ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುವಂಥವಲ್ಲ. ನೀವು ಬೇಸಿಗೆಯಲ್ಲಿ ಜೇಡಿಮಣ್ಣಿನ ಉಂಡೆ ಕಟ್ಟಿ, ಬಿಸಿಲಿಗೆ ಹರವಿ, ಚೀಲದಲ್ಲಿ ತುಂಬಿ, ಮಳೆ ಬಂದ ಮೇಲೆ ಫೋಟೊ ತೆಗೆಸಿಕೊಂಡು ಎರಚುತ್ತೀರಿ. ಎರಚುವ ಮುನ್ನ ಒಂದು ಉಂಡೆ ಒಡೆದು ಒಳಗಿನ ಹಲಸಿನ ಬೀಜವನ್ನು ಕೈಗೆ ತೆಗೆದುಕೊಳ್ಳಿ. ಬೆರಳಲ್ಲಿ ಒತ್ತಿದರೆ ಹೊರಸಿಪ್ಪೆ ಸಡಿಲವಾಗಿ ಕಳಚುತ್ತದೆ, ಒಳಗಿನ ಬೇಳೆ ಮುದುಡಿ ಗಟ್ಟಿಯಾಗಿರುತ್ತದೆ. ಅದು ಮೊಳೆಯುವುದಿಲ್ಲ. ಹಳ್ಳಿಯಲ್ಲಿ ಹಲಸಿನ ಬೀಜ ಸುಟ್ಟು ತಿಂದು ಬೆಳೆದವರಿಗೂ ಇದನ್ನು ಹೇಳಬೇಕಾಗಿ ಬಂದಿರುವುದು ನನಗೆ ನೋವಿನ ಸಂಗತಿ.

ಇನ್ನು ಜಾಗ. ಬಂಡೀಪುರದ ಬಹುಭಾಗ ಎಲೆ ಉದುರುವ ಒಣಕಾಡು. ದಿಂಡಿಗ, ಮತ್ತಿ, ತೇಗ, ಹೊನ್ನೆ, ಬೆಟ್ಟದ ನೆಲ್ಲಿ ಅಲ್ಲಿಯ ಮರಗಳು. ಹಲಸು ಮಳೆ ಹೆಚ್ಚು ಬೀಳುವ ನಿತ್ಯಹರಿದ್ವರ್ಣದ ಕಾಡಿನ ಮರ. ನೇರಳೆಯಾದರೆ ಹಳ್ಳದಂಚಿನಲ್ಲಿ ಇದ್ದೇ ಇದೆ, ಅದನ್ನು ಹರಡಲು ಹಕ್ಕಿಗಳಿವೆ, ಪುನುಗು ಬೆಕ್ಕಿದೆ, ಕರಡಿಯಿದೆ. 2019ರ ಫೆಬ್ರುವರಿಯಲ್ಲಿ ಅಲ್ಲಿ ಎದ್ದ ಬೆಂಕಿ ನಿಮಗೆ ನೆನಪಿರಬೇಕು. ಅಂಥ ಬೇಸಿಗೆ ದಾಟಿ ಬದುಕುವ ತೊಗಟೆ ಮತ್ತಿಗಿದೆ, ಎಳೆ ಹಲಸಿಗೆ ಇಲ್ಲ. ಇದರ ಜೊತೆಗೆ, ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಒಳ್ಳೆಯ ಮನಸ್ಸಿನಿಂದ ಹೋದೆವು ಎಂದರೆ ಕಾನೂನು ಕೇಳುವುದಿಲ್ಲ.

ಆ ಕಾಡಿಗೆ ಬೀಜದ ಬರ ಬಂದಿಲ್ಲ. ಬಿದ್ದ ಬೀಜ ಸಸಿಯಾಗಿ, ಸಸಿ ಮರವಾಗಲು ಬೇಕಾದ ಬೆಳಕು ಮತ್ತು ನೆಲ ಇಲ್ಲವಾಗಿವೆ. ಅದನ್ನು ಕಸಿದಿರುವುದು ಲಂಟಾನ. 19ನೇ ಶತಮಾನದ ಆರಂಭದಲ್ಲಿ ಚೆಂದದ ಹೂವಿಗೆಂದು ತಂದ ಈ ಗಿಡ ಇಂದು ದೇಶದ ಹುಲಿಕಾಡುಗಳ ಶೇ 40ಕ್ಕೂ ಹೆಚ್ಚು ಭಾಗದಲ್ಲಿ ಹಬ್ಬಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಗುರುತು ಹಾಕಿಟ್ಟ ತಾಕುಗಳನ್ನು 1997ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಅಳೆದರು. ಮೊದಲ ಸಲ ಶೇ 41ರಷ್ಟು ತಾಕುಗಳಲ್ಲಿದ್ದ ಲಂಟಾನ ಹನ್ನೊಂದು ವರ್ಷದಲ್ಲಿ ಶೇ 81ಕ್ಕೆ ಹರಡಿತ್ತು. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಮರದ ಸಸಿ ತಲೆಯೆತ್ತುವುದಿಲ್ಲ. ಜಿಂಕೆ, ಕಾಟಿಗಳಿಗೆ ಮೇವು ಸಿಗುವುದಿಲ್ಲ. ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ಸಣ್ಣ ತರಗುಬೆಂಕಿ ನಿಂತ ಮೇಲೆ ಇದು ಮಿತಿಮೀರಿತು ಎಂದು ಅಲ್ಲಿಯ ಸೋಲಿಗರು ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ವಿಜ್ಞಾನಿಗಳು ಗಂಭೀರವಾಗಿ ಕೇಳಿಸಿಕೊಳ್ಳಲು ಬಹಳ ತಡವಾಯಿತು. ಹಾಗೆಂದು ಯಾರೂ ಬೆಂಕಿಪೊಟ್ಟಣ ಹಿಡಿದು ಹೊರಡಬೇಡಿ. ಲಂಟಾನ ಒತ್ತಾಗಿ ಬೆಳೆದಿರುವ ಕಡೆ ಇಂದು ಬೆಂಕಿ ಬಿದ್ದರೆ ಪೊದೆಯನ್ನೇ ಏಣಿ ಮಾಡಿಕೊಂಡು ಮರದ ನೆತ್ತಿಗೆ ಏರುತ್ತದೆ.

ಈಗ ಇದರ ಮೇಲೆ ಹಳದಿ ಹೂವಿನ ಸೆನ್ನಾ ಮರ ಬೇರೆ. ಪಕ್ಕದ ವಯನಾಡಿನಲ್ಲಿ ಅಂದಕ್ಕೆ ನೆಟ್ಟದ್ದು ಬಂಡೀಪುರ, ನಾಗರಹೊಳೆಗೂ ಬಂದಿದೆ. ಕಡಿದರೆ ಬುಡದಿಂದ ಹತ್ತಾರು ಚಿಗುರು ಏಳುತ್ತದೆ. ‘ಏನಾದರೂ ಒಂದು ಹಸಿರು ಬೆಳೆದರೆ ಸಾಕು’ ಎಂಬ ಮನೋಭಾವದ ಫಲ ಇದು, ನನಗೆ ಬೀಜದುಂಡೆಯ ಬಗ್ಗೆ ಇರುವ ಭಯಕ್ಕೂ ಇದೇ ಕಾರಣ. ಕೆಲವರು ಉಂಡೆಯೊಳಗೆ, ಬೇಗ ಹಬ್ಬುವ ಹೊರನಾಡಿನ ಮರವಾದ ಸುಬಾಬುಲ್ ಬೀಜ ಸೇರಿಸುತ್ತಿದ್ದಾರೆಂದು ಕೇಳಿದ್ದೇನೆ. ದಯವಿಟ್ಟು ಬೇಡ. ಅದು ಮೊಳೆಯುತ್ತದೆ, ಆಮೇಲೆ ಅದನ್ನು ಕೀಳುವವರು ಯಾರೂ ಇರುವುದಿಲ್ಲ.

ಇನ್ನು ಆನೆ. ಆನೆ ಹಸಿವಿನಿಂದಲೇ ಊರಿಗೆ ಬರುತ್ತದೆಂದು ಟಿವಿಯಲ್ಲಿ ಕೂತವರೆಲ್ಲ ಹೇಳುತ್ತಾರೆ. ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ತಿನ್ನುವ ಪ್ರಾಣಿಯ ಹೊಟ್ಟೆ ತುಂಬುವುದು ಹುಲ್ಲು, ಬಿದಿರು, ತೊಗಟೆ, ಸೊಪ್ಪಿನಿಂದ. ಹಣ್ಣು ಅದಕ್ಕೆ ರುಚಿಗೆ ಮಾತ್ರ. 1980ರ ದಶಕದ ಆರಂಭದಲ್ಲಿ ಆನೆಗಳ ಸಂಶೋಧಕ ರಾಮನ್ ಸುಕುಮಾರ್ ಚಾಮರಾಜನಗರ, ಸತ್ಯಮಂಗಲದ ಸೀಮೆಯಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಕಾಡಿನ ಹುಲ್ಲಿಗಿಂತ ಹೊಲದ ರಾಗಿಪೈರಿನಲ್ಲಿ ಪ್ರೋಟೀನು, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಪ್ರಾಯದ ಸಲಗವೊಂದು ವರ್ಷದಲ್ಲಿ ಸರಾಸರಿ 49 ರಾತ್ರಿ ಬೆಳೆಗೆ ಬಿದ್ದರೆ, ಹೆಣ್ಣಾನೆಗಳ ಹಿಂಡಿನದು 8 ರಾತ್ರಿ. ಬರೀ ಹಸಿವೇ ಕಾರಣವಾಗಿದ್ದರೆ ಮರಿ ಕಟ್ಟಿಕೊಂಡ ತಾಯಂದಿರು ಮೊದಲು ಬರಬೇಕಿತ್ತು. ಕೊಡಗಿನ ತೋಟಗಳಲ್ಲಿ ಆನೆಗಳನ್ನು ಹಿಡಿದಿಟ್ಟಿರುವುದೂ ಹಲಸು, ಕೆರೆನೀರು, ವರ್ಷವಿಡೀ ನೆರಳು. ಅಲ್ಲಿಯ ಆನೆಲದ್ದಿಯಲ್ಲಿ ಕಾಫಿ ಬೀಜ ಸಿಗುತ್ತದೆ. ಹೀಗಿರುವಾಗ ಕಾಡಿನ ಅಂಚಿನಲ್ಲೇ, ನಿಮ್ಮ ಹೊಲದ ಬದುವಿಗೆ ಕೂಗಳತೆಯಲ್ಲಿ, ಹಲಸು ಬೆಳೆಸಲು ಹೊರಟಿದ್ದೀರಿ. ಒಂದು ವೇಳೆ ನೀವು ಗೆದ್ದರೆ ಆನೆ ನಿಮ್ಮ ಬೇಲಿಯ ಹತ್ತಿರವೇ ನಿಲ್ಲುತ್ತದೆ. ಇದನ್ನು ಯೋಚಿಸಿದ್ದೀರಾ?

ಮಂಗಗಳ ವಿಷಯಕ್ಕೆ ಬರೋಣ, ನನ್ನ ಅಸಲು ಮಾತು ಇಲ್ಲಿದೆ. ನಾವು ದಿನಾ ನೋಡುವ ಬಾನೆಟ್ ಮಂಗ ಕಾಡಿನ ನಡುವಿಗಿಂತ ಸಾಲುಮರಗಳಲ್ಲಿ, ದೇವಸ್ಥಾನದ ತೋಪುಗಳಲ್ಲಿ ಬಾಳಿದ ಪ್ರಾಣಿ. ಮೈಸೂರು ಸುತ್ತಲಿನ ರಸ್ತೆಗಳಲ್ಲಿ ಕಾಲು ಶತಮಾನ ಲೆಕ್ಕ ಇಟ್ಟ ಸಂಶೋಧಕರು 2017ರಲ್ಲಿ ವರದಿ ಕೊಟ್ಟರು: ಅವುಗಳ ಸಂಖ್ಯೆ ಶೇ 65ಕ್ಕೂ ಹೆಚ್ಚು ಕುಸಿದಿದೆ. ರಸ್ತೆ ಅಗಲವಾದಂತೆ ಆಲ, ಬಸರಿ, ಗೋಣಿ ಮರಗಳು ಉರುಳಿದವು, ಮರದ ಜೊತೆ ಗುಂಪುಗಳೂ ಹೋದವು. ಅಳಿದುಳಿದವು ಊರೊಳಗೆ ಸೇರಿ ನಿಮ್ಮ ಅಡುಗೆಮನೆಗೆ ಬಂದಾಗ ‘ಮಂಗ ಜಾಸ್ತಿಯಾಗಿವೆ’ ಎನ್ನುತ್ತೇವೆ.

ಆಲದ ಬಳಗದ ಮರಗಳಿಗೆ ಸಾಟಿಯಾದ ಹಣ್ಣಿನ ಮರ ನಮ್ಮ ನಾಡಿನಲ್ಲಿಲ್ಲ. ಒಂದೊಂದು ಜಾತಿಗೂ ಪರಾಗ ಒಯ್ಯುವ ತನ್ನದೇ ಪುಟ್ಟ ಕಣಜದ ಹುಳು ಇದೆ, ಕಾಯಿಯೊಳಗೇ ಅದರ ಸಂಸಾರ. ಆ ಕಣಜ ಕೆಲವೇ ದಿನ ಬದುಕುವುದರಿಂದ ಆಸುಪಾಸಿನಲ್ಲಿ ಯಾವುದಾದರೊಂದು ಮರ ಕಾಯಿ ಕಟ್ಟುತ್ತಿರಲೇಬೇಕು. ಅದಕ್ಕೇ ಈ ಮರಗಳು ಮಾವಿನಂತೆ ಒಟ್ಟಿಗೆ ಫಲ ಬಿಡುವುದಿಲ್ಲ. ಬೇರೆಲ್ಲ ಮರ ಬರಿದಾದ ತಿಂಗಳಲ್ಲೂ ಎಲ್ಲೋ ಒಂದು ಆಲ ಹಣ್ಣು ಹೊತ್ತು ನಿಂತಿರುತ್ತದೆ. ಮಂಗ, ಬಾವಲಿ, ಕೆಂಜಳಿಲು, ಪುನುಗು, ಕೆಳಗೆ ಬಿದ್ದದ್ದಕ್ಕೆ ಜಿಂಕೆ. ಹತ್ತು ಮರದಲ್ಲಿ ಏಳು ಕಡಿದರೆ ಉಳಿದ ಮೂರಕ್ಕೆ ಕಣಜ ತಲುಪುವುದೂ ಕಷ್ಟವಾಗುತ್ತದೆ.

ಆದ್ದರಿಂದ ನಿಮ್ಮ ಸಂಘಕ್ಕೆ ಕೆಲಸ ಹೇಳುತ್ತೇನೆ. ಊರಿನಿಂದ ಪೇಟೆಯವರೆಗಿನ ರಸ್ತೆಯಲ್ಲಿರುವ ಪ್ರತಿ ಆಲ, ಅತ್ತಿ, ಬಸರಿ, ಗೋಣಿಯ ಪಟ್ಟಿ ಮಾಡಿ. ಎದೆಮಟ್ಟದಲ್ಲಿ ಸುತ್ತಳತೆ ಬರೆದುಕೊಳ್ಳಿ. ವಾರಕ್ಕೊಮ್ಮೆ ಅದೇ ಮರಗಳ ಕೆಳಗೆ ನಿಂತು ಚಿಗುರು, ಕಾಯಿ, ಹಣ್ಣು, ಬಂದ ಪ್ರಾಣಿ ಇಷ್ಟನ್ನು ದಾಖಲಿಸಿ. ಸೀಸನ್‌ವಾಚ್ ಎಂಬ ಯೋಜನೆಗೆ ಶಾಲಾಮಕ್ಕಳೇ ಹೀಗೆ ಹಲಸು, ಮಾವು, ಹುಣಸೆ ಮರಗಳ ಲೆಕ್ಕ ಕಳಿಸುತ್ತಿದ್ದಾರೆ. ನೋಡುವುದೂ ಒಂದು ಕೆಲಸವೇ ಎಂದು ಮೂಗು ಮುರಿಯಬೇಡಿ. ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ತಾಕು ಗುರುತಿಸಿ, ಒಂದು ಸೆಂಟಿಮೀಟರಿಗಿಂತ ದಪ್ಪನೆಯ ಪ್ರತಿ ಕಾಂಡಕ್ಕೂ ನಂಬರು ಕಟ್ಟಿ, ಅಂದಿನಿಂದ ಸತ್ತದ್ದು ಹುಟ್ಟಿದ್ದು ಬರೆದಿಡುತ್ತ ಬಂದಿದ್ದಾರೆ. ಬೆಂಡೆಯ ಬಳಗದ ಕೈಡಿಯಾ ಮರವನ್ನು ಆನೆಗಳು ತಿಂದು ತಿಂದು ಹೇಗೆ ಕುಗ್ಗಿಸಿದವು, ಬೆಂಕಿ ಯಾವ ಸಸಿಗಳನ್ನು ಕೊಂದಿತು ಎಂದು ಇಂದು ಹೇಳಲಾಗುವುದು ಆ ನಂಬರುಗಳಿಂದ.

ನಿಮ್ಮ ಪಟ್ಟಿಗೆ ಇನ್ನೊಂದು ಉಪಯೋಗವಿದೆ. 50ಕ್ಕಿಂತ ಹೆಚ್ಚು ಮರ ಕಡಿಯುವ ಪ್ರಸ್ತಾವ ಬಂದರೆ ವೃಕ್ಷಾಧಿಕಾರಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿದೆ. ಕಡಿಯಲೆಂದು ಮರದ ತೊಗಟೆ ಕೆತ್ತಿ ಬಣ್ಣದಲ್ಲಿ ನಂಬರು ಬರೆದ ಮೇಲೆ ಬರೀ ಕೂಗಿದರೆ ಯಾರೂ ಕೇಳುವುದಿಲ್ಲ, ಮೂರು ವರ್ಷದ ದಾಖಲೆ ಮೇಜಿನ ಮೇಲಿಟ್ಟರೆ ಉತ್ತರ ಕೊಡಲೇಬೇಕಾಗುತ್ತದೆ.

ನೆಡಲೇಬೇಕೆಂಬ ಹಟವಿದ್ದರೆ ಮಳೆ ಹಿಡಿದ ಮೇಲೆ ಆಲ, ಬಸರಿಯ ತೋಳುದಪ್ಪದ ಕೊಂಬೆ ಕಡಿದು, ಮೇಲಿನ ಕಚ್ಚಿಗೆ ಸಗಣಿ ಮೆತ್ತಿ, ಗೋಮಾಳದಂಚಿಗೆ, ಹಳೆಯ ಸಾಲು ಕಡಿದುಹೋದ ಕಡೆಗೆ ನೆಡಿ. ಮುಳ್ಳು ಕಟ್ಟಿ. ಎರಡು ಬೇಸಿಗೆ ನೀರು ಹಾಕಿ. ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲ ಬೆಳೆಸಿದ ಸಾಲುಮರದ ತಿಮ್ಮಕ್ಕ ಗಂಡನ ಜೊತೆ ಬಿಂದಿಗೆಯಲ್ಲಿ ನೀರು ಹೊತ್ತರು. ನೀರು ಹೊರಲು ಆಗದವರು ಹೊಸದಾಗಿ ನೆಡಬೇಡಿ, ಇರುವುದನ್ನು ಕಾಯಿರಿ.

ಲಂಟಾನ ಕೀಳಲು ಅರಣ್ಯ ಇಲಾಖೆ ಕರೆದರೆ ಖಂಡಿತ ಹೋಗಿ. ಮೇಲೆ ಮೇಲೆ ಸವರಬೇಡಿ. ಬುಡದ ಗಂಟಿನ ಕೆಳಗೆ ತಾಯಿಬೇರು ಕತ್ತರಿಸಿ, ಬೇರು ಮೇಲಾಗುವಂತೆ ಪೊದೆಯನ್ನು ಮಗುಚಿಡಿ. ಹಕ್ಕಿ ಕೂರುವ ಮರಗಳ ಕೆಳಗೆ ಮರುವರ್ಷ ಮತ್ತೆ ಸಸಿ ಎದ್ದಿರುತ್ತವೆ, ಅವನ್ನೂ ಕೀಳಬೇಕು.

ಪ್ರಶ್ನೆ: 2017ರಲ್ಲಿ ದೇಶದಲ್ಲಿ 29,964 ಆನೆ, 2025ರ ವರದಿಯಲ್ಲಿ 22,446. ಏಳೂವರೆ ಸಾವಿರ ಆನೆ ಎಲ್ಲಿ ಹೋದವು?

ಎಲ್ಲಿಗೂ ಹೋಗಿಲ್ಲ, ಅಳತೆ ಬದಲಾಗಿದೆ. ಆಗ ಕಣ್ಣಿಗೆ ಕಂಡದ್ದನ್ನು, ಲದ್ದಿಯನ್ನು ಎಣಿಸಿದ್ದರು. ಈ ಸಲ ಲದ್ದಿಯಿಂದ ಡಿಎನ್‌ಎ ತೆಗೆದು ಒಂದೊಂದು ಆನೆಯನ್ನು ಗುರುತಿಸಿ ಅಂದಾಜು ಮಾಡಿದ್ದಾರೆ. ಸೇರಿನಲ್ಲಿ ಅಳೆದ ಅಕ್ಕಿಯಿಂದ ಕಿಲೋದಲ್ಲಿ ತೂಗಿದ ಅಕ್ಕಿಯನ್ನು ಕಳೆಯುತ್ತೀರಾ? ಹೊಸ ಅಂದಾಜಿನ ವ್ಯಾಪ್ತಿಯೂ 18,255ರಿಂದ 26,645. ಆ ಎರಡು ಅಂಕಿ ಬಿಟ್ಟು ನಡುವಿನದನ್ನಷ್ಟೇ ಶೀರ್ಷಿಕೆ ಮಾಡುವವರನ್ನು ನಂಬಬೇಡಿ.

ಪ್ರಶ್ನೆ: ತೋಟದಲ್ಲಿ ಕಂಡ ಹುಲಿಹೆಜ್ಜೆಯ ಫೋಟೊ ಕಳಿಸಿದ್ದೇನೆ. ಗಂಡೋ ಹೆಣ್ಣೋ, ವಯಸ್ಸೆಷ್ಟು, ಇದು ಹೋದ ವರ್ಷ ಬಂದದ್ದೇನಾ?

ಹೇಳಲಾಗದು, ಹೇಳುತ್ತೇನೆ ಎಂದವರನ್ನೂ ದೂರವಿಡಿ. ಹೆಜ್ಜೆ ನೋಡಿ ಲೆಕ್ಕ ಹಾಕುತ್ತಿದ್ದ ಕಾಲದಲ್ಲೇ ರಾಜಸ್ಥಾನದ ಸರಿಸ್ಕಾ ಕಾಡಿನ ಹುಲಿಗಳೆಲ್ಲ ಮುಗಿದುಹೋದವು, ಕಾಗದದಲ್ಲಿ ಮಾತ್ರ ಇದ್ದವು. ಮೈಮೇಲಿನ ಪಟ್ಟೆಯಿಂದ ಒಂದೊಂದನ್ನು ಗುರುತಿಸುವ ಕ್ಯಾಮೆರಾ ಟ್ರ್ಯಾಪ್ ಲೆಕ್ಕವನ್ನು ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ನಮ್ಮ ನಾಗರಹೊಳೆಯಲ್ಲಿ ಮಾಡಿ ತೋರಿಸಿದ್ದಾರೆ. ನೀವು ಮಾಡಬೇಕಾದದ್ದು ಇಷ್ಟೇ: ಒಬ್ಬರೇ ತೋಟಕ್ಕೆ ಹೋಗಬೇಡಿ, ಅರಣ್ಯ ಸಿಬ್ಬಂದಿಗೆ ತಿಳಿಸಿ, ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ.

ಪ್ರಶ್ನೆ: ಹಿತ್ತಿಲಲ್ಲಿ ಕಾಡುಪಾಪ ಕಂಡಿದೆ. ಅದು ಮನೆಗೆ ಕೇಡೆಂದು ಒಬ್ಬರು, ಹಿಡಿದು ಕೊಟ್ಟರೆ ದೋಷ ತೆಗೆಯುತ್ತೇನೆಂದು ಇನ್ನೊಬ್ಬರು ಹೇಳುತ್ತಿದ್ದಾರೆ.

ಎರಡನೆಯವನ ಮೇಲೆ ಪೊಲೀಸರಿಗೂ ಅರಣ್ಯ ಇಲಾಖೆಗೂ ದೂರು ಕೊಡಿ, ಇಂದೇ. ಅಂಗೈಯಗಲದ, ಹುಳಹುಪ್ಪಟೆ ತಿಂದು ರಾತ್ರಿ ಕಳೆಯುವ ಆ ಜೀವದ ಕಣ್ಣು ಕೀಳುವ, ಮೈ ಸುಡುವ ಮಾಟಗಾರರು ಈಗಲೂ ಇದ್ದಾರೆ. ಅದು ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದ ಪ್ರಾಣಿ, ಮುಟ್ಟಿದರೆ ಜೈಲು. ಕಾಡುಪಾಪ ನೆಗೆಯುವುದಿಲ್ಲ, ಕೊಂಬೆಯಿಂದ ಕೊಂಬೆಗೆ ಕೈಚಾಚಿ ದಾಟುತ್ತದೆ. ನಿಮ್ಮ ಬೇಲಿಸಾಲಿನ ಕೊಂಬೆಗಳು ಒಂದಕ್ಕೊಂದು ತಾಗಿಕೊಂಡಿರಲಿ, ಸವರಬೇಡಿ.

ಪ್ರಶ್ನೆ: ಮಂಗ ಓಡಿಸುವ ಅಲ್ಟ್ರಾಸೌಂಡ್ ಯಂತ್ರ ಕೊಳ್ಳಬಹುದೇ? ಇಲ್ಲವೇ ಹಿಡಿಸಿ ಕಾಡಿಗೆ ಬಿಡಿಸಬಹುದೇ? (ಸಾಗರದಿಂದ)

ಯಂತ್ರಕ್ಕೆ ದುಡ್ಡು ದಂಡ. ಹಿಡಿದು ಬಿಟ್ಟರೆ ಆ ಗುಂಪು ಬೇರೆ ಊರಿಗೆ ಇಳಿಯುತ್ತದೆ, ರೋಗವನ್ನೂ ಒಯ್ಯುತ್ತದೆ. ನೀವಿರುವುದು ಮಂಗನ ಕಾಯಿಲೆಯ ಸೀಮೆ, 1957ರಲ್ಲಿ ಅದು ಮೊದಲು ಗೊತ್ತಾದದ್ದು ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ತೋಟದಲ್ಲೋ ಬೆಟ್ಟದಲ್ಲೋ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಕಾಯಿಲೆ ಹರಡುವ ಉಣುಗುಗಳು ಅದರ ಮೈಬಿಟ್ಟು ಸುತ್ತಲಿನ ತರಗಿನಲ್ಲಿ ಇರುತ್ತವೆ. ಆ ದಾರಿಯಲ್ಲಿ ದನ ಬಿಡಬೇಡಿ, ದರಗು ತರಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.